ಮಲ್ಲತ್ತಹಳ್ಳಿಯ ಗಂಗಣ್ಣನಿಗೆ ನಾನು ಗುರಿ ಕಲಿಸಿದ್ದು

ಬೆಂಗಳೂರಿಗೆ ಬಂದ ಇಪ್ಪತ್ತನೆಯ ದಿನ ನನ್ನ ಕೈಗೆ ರಿವಾಲ್ವರ್ ಕೊಟ್ಟರು. ಕೆಂಗೇರಿ ದಾಟಿದ ಮೇಲೆ ಒಂದು ಗುಡ್ಡದ ಬುಡದಲ್ಲಿ, ಬೋಳು ಬಯಲಿನಲ್ಲಿ ಹನ್ನೊಂದು ಜನ ಸಾಲಾಗಿ ನಿಂತಿದ್ದೆವು. ಎದುರಿಗೆ ಮಣ್ಣಿನ ದಿಬ್ಬ. ಅದರ ಮುಂದೆ ಮರದ ಚೌಕಟ್ಟಿಗೆ ಅಂಟಿಸಿದ ಕಾಗದದ ಮನುಷ್ಯರು, ಅವರ ಎದೆಯ ಮೇಲೆ ಒಂದೊಂದು ಕರಿ ವೃತ್ತ. ಅಲ್ಲಿಯವರೆಗೆ ನನ್ನ ಕೈ ಹಿಡಿದದ್ದು ಲಾಳಿ, ಕತ್ತರಿ, ರೇಷ್ಮೆ ಎಳೆ, ಇಷ್ಟೇ. ಈ ಕಬ್ಬಿಣ ಇಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಊರಿನವರು ಕೇಳುತ್ತಿರುತ್ತೀರಿ, ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ ರುದ್ರಪ್ಪ ಅಲ್ಲಿ ಏನು ಮಾಡುತ್ತಾನೆ ಎಂದು. ಒಂದು ಅಂಗಡಿಯಲ್ಲಿ ಇದ್ದಾನೆ ಎಂದಷ್ಟೇ ನನ್ನ ಹೆಂಡತಿ ಗೌರವ್ವ ಹೇಳಿರುತ್ತಾಳೆ, ಯಾಕೆಂದರೆ ಅಷ್ಟನ್ನೇ ನಾನು ಅವಳಿಗೂ ಬರೆದಿದ್ದೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಮಗ್ಗ ನಿಂತ ಮೇಲೆ ನಮ್ಮೂರಿನ ಸೀರೆ ವ್ಯಾಪಾರಿಯೊಬ್ಬರು ರಾಜಾಜಿನಗರದ ಒಂದು ಚಿನ್ನದ ಅಂಗಡಿಗೆ ನನ್ನ ಹೆಸರು ಹೇಳಿದರು. ಪೇಟೆಯ ಅಕ್ಕಸಾಲಿಗರ ಹತ್ತಿರ ಮಾಡಲು ಕೊಟ್ಟ ಒಡವೆಗಳನ್ನು ಅಂಗಡಿಗೆ ತರುವುದು ನನ್ನ ಕೆಲಸ. ಹಿಂದೆ ಇದ್ದವನನ್ನು ದಾರಿಯಲ್ಲಿ ಯಾರೋ ಚೂರಿಯಿಂದ ಇರಿದಿದ್ದರು. ಹಾಗಾಗಿ ಮಾಲೀಕರು ತಮ್ಮ ರಿವಾಲ್ವರ್ ಲೈಸೆನ್ಸಿಗೆ ನನ್ನ ಹೆಸರು ಸೇರಿಸಲು ಅರ್ಜಿ ಹಾಕಿದರು. ಅದಕ್ಕೆ ಹತ್ತು ದಿನದ ತರಬೇತಿ ಕಡ್ಡಾಯ, ಕೊನೆಯಲ್ಲಿ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್.

"ಆಯುಧ ಅಂಗಿ ಒಳಗಿರ್ಬೇಕು ರುದ್ರಪ್ಪ, ಒಬ್ಬರಿಗೂ ಕಾಣಬಾರದು" ಎಂದರು ಮಾಲೀಕರು. "ನಿಮ್ಮನ್ನ ನೋಡಿದವರು ಯಾರೋ ಮೇಷ್ಟ್ರು ಮದುವೆಗೆ ಹೊರಟಿದಾರೆ ಅನ್ಕೋಬೇಕು."

ವಿಜಯನಗರದಲ್ಲಿ ಒಂದು ಮನೆಯ ಹಿಂಬದಿಯ ಕೋಣೆ ಸಿಕ್ಕಿತು. ನಮ್ಮಲ್ಲಿ ಬೀಗ ಹಾಕಿದ ಮನೆ ಎಂದರೆ ಊರಿಗೆ ಹೋಗಿದ್ದಾರೆ ಎಂದರ್ಥ. ಇಲ್ಲಿ ಒಳಗೇ ಇದ್ದು ಚಿಲಕ ಹಾಕಿಕೊಂಡಿರುತ್ತಾರೆ. ಮನೆ ಒಡತಿ ಮೊದಲ ದಿನವೇ, "ಬಟ್ಟೆ ಒಗೆಯೋಕೆ ಹಿಂದೆ ಕಲ್ಲಿದೆ" ಎಂದಾಗ ನಾನು ಮಿಕಿಮಿಕಿ ನೋಡಿದೆ. ನಮ್ಮ ಕಡೆ ಒಗೆಯುವುದು ಎಂದರೆ ಬಿಸಾಡುವುದು. ಇವರಿಗೆ ಅದು ಬಟ್ಟೆ ತೊಳೆಯುವುದು, ನಾವು ಸೆಳೆಯುವುದು ಎನ್ನುತ್ತೇವಲ್ಲ, ಅದು. ಒಂದೇ ಕನ್ನಡ ಎಂದುಕೊಂಡು ಬಂದಿದ್ದೆ. ನಾನು ಬಾಯಿ ತೆರೆದರೆ ಅಂಗಡಿಯ ಹುಡುಗಿಯರು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ನಾನು ಮಾತು ಕಡಿಮೆ ಮಾಡಿದೆ, ಆಮೇಲೆ ಬೇಕಾದಷ್ಟೇ ಆಡತೊಡಗಿದೆ. ಕೆಲವು ಭಾನುವಾರಗಳಂದು ಬೆಳಗಿನಿಂದ ಸಂಜೆಯವರೆಗೆ ನನ್ನ ದನಿಯನ್ನು ನಾನೇ ಕೇಳಿರುತ್ತಿರಲಿಲ್ಲ.

ತರಬೇತಿ ಕೊಡುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಮೊದಲ ಮೂರು ದಿನ ಗುಂಡೇ ಇಲ್ಲ. ಬಿಚ್ಚುವುದು, ಒರೆಸುವುದು, ಜೋಡಿಸುವುದು, ಖಾಲಿ ಇದ್ದರೂ ತುಂಬಿದೆ ಎಂದೇ ತಿಳಿಯುವುದು. ನಾಲ್ಕನೆಯ ದಿನ ಆರು ಗುಂಡು ಕೊಟ್ಟರು. ನನ್ನವು ಆರೂ ವೃತ್ತದೊಳಗೆ ಬಿದ್ದವು.

ಸುಬೇದಾರರು ಕಾಗದದ ಹತ್ತಿರ ಹೋಗಿ ನೋಡಿ ಬಂದರು. "ಮುಂಚೆ ಎಲ್ಲಿದ್ರಿ? ಪೊಲೀಸಾ?"

"ನೇಕಾರ್ರಿ ಸಾಹೇಬ್ರ."

ಕಡಿದ ಎಳೆಯನ್ನು ಕೂಡಿಸುವಾಗ ನಾವು ಉಸಿರನ್ನು ಅರ್ಧ ಬಿಟ್ಟು ತಡೆದು ಹಿಡಿಯುತ್ತೇವೆ, ಬೆರಳು ಮಾತ್ರ ಅಲುಗುತ್ತದೆ. ಇದಕ್ಕೂ ಬೇಕಾದದ್ದು ಅಷ್ಟೇ. ಈ ಊರು ನನ್ನನ್ನು ಮೊದಲ ಸಲ ಮೆಚ್ಚಿದ್ದು ಅಂದು. ಸಂತೋಷವಾಯಿತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಸಾಲಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವನು ಮಲ್ಲತ್ತಹಳ್ಳಿಯ ಗಂಗಣ್ಣ. ಐವತ್ತರ ಸುಮಾರಿನ ಒಕ್ಕಲಿಗ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಕೆರೆಯ ಪಕ್ಕದ ತೋಟದಲ್ಲಿ ಮನೆ, ಸುತ್ತ ಬೇರೆ ಮನೆಗಳಿಲ್ಲ, ಪಂಪ್‌ಸೆಟ್ಟಿನ ಮೋಟರನ್ನೇ ಎರಡು ಸಲ ಕದ್ದಿದ್ದಾರೆ, ಅದಕ್ಕೇ ಲೈಸೆನ್ಸ್ ಎಂದಿದ್ದ. ಕೋವಿ ಸಾಕಾಗುವುದಿಲ್ಲವೇ ಎಂದು ಕೇಳಿದೆ.

"ಕೋವಿ ಹೆಗಲ ಮೇಲಿಟ್ಕೊಂಡು ಸೈಟ್ ಬ್ರೋಕರ್ ಹತ್ರ ಮಾತಾಡಕ್ಕಾಯ್ತದೇನಪ್ಪ? ಈಗ ಬರೋ ಕಳ್ಳರು ಪ್ಯಾಂಟು ಹಾಕ್ಕೊಂಡು ಹಗಲೊತ್ತೇ ಬತ್ತಾರೆ" ಎಂದ.

ಗಂಗಣ್ಣ ರಿವಾಲ್ವರಿನ ಕುದುರೆ ಎಳೆಯುವಾಗ ಎರಡೂ ಕಣ್ಣು ಮುಚ್ಚುತ್ತಿದ್ದ. ಹತ್ತನೆಯ ದಿನದ ಪರೀಕ್ಷೆಯಲ್ಲಿ ಹತ್ತರಲ್ಲಿ ಒಂದು ಗುಂಡು ಮಾತ್ರ ಕಾಗದಕ್ಕೆ ತಗುಲಿತು. ಮುಂದಿನ ತಿಂಗಳು ಮತ್ತೊಂದು ಅವಕಾಶ ಕೊಟ್ಟರು. ಕೆಂಗೇರಿಗೆ ನಡೆದು ಬರುವಾಗ ಅವನು, "ನೀನೇ ಒಸಿ ಹೇಳ್ಕೊಡು ಬಾ ರುದ್ರಪ್ಪ, ಭಾನುವಾರ ಊಟಕ್ಕೆ ನಮ್ಮನೇಗೆ ಬಾ" ಎಂದ. ಈ ಊರಿನಲ್ಲಿ ನನ್ನನ್ನು ಯಾರಾದರೂ ಊಟಕ್ಕೆ ಕರೆದದ್ದು ಅದೇ ಮೊದಲು.

ನಾಲ್ಕು ಭಾನುವಾರ ಹೋದೆ. ನಾಗರಬಾವಿಯವರೆಗೆ ಬಸ್ಸು, ಅಲ್ಲಿಂದ ನಡಿಗೆ. ದಾರಿಯ ರಾಗಿ ಹೊಲಗಳಲ್ಲಿ ಅಲ್ಲಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. ಗಂಗಣ್ಣನ ಹೆಂಡತಿ ಪುಟ್ಟಮ್ಮ ಮೊದಲ ದಿನ ಮುದ್ದೆ ಬಡಿಸಿದಳು. ನಾನು ಅಗಿದೆ. ಗಂಡ ಹೆಂಡತಿ ಇಬ್ಬರೂ ನಕ್ಕರು, ಅಗಿಯಬಾರದು, ನುಂಗಬೇಕು ಎಂದು ತೋರಿಸಿಕೊಟ್ಟರು. ಮುಂದಿನ ವಾರ ಹೋದಾಗ ಆಕೆ ಎಲ್ಲಿಂದಲೋ ಜೋಳದ ಹಿಟ್ಟು ತರಿಸಿದ್ದಳು. ರೊಟ್ಟಿ ಹಂಚಿನ ಮೇಲೆ ನಾಲ್ಕು ತುಂಡಾಗಿತ್ತು.

"ನಿಮ್ ಕಡೆ ರೊಟ್ಟಿ ನನ್ ಕೈಗೆ ಬರಲಿಲ್ಲ ಕಣಪ್ಪ" ಎಂದಳು.

ನಾಲ್ಕು ತುಂಡನ್ನೂ ನಾನೇ ತಿಂದೆ. ತಲೆ ತಗ್ಗಿಸಿಕೊಂಡೇ ಊಟ ಮುಗಿಸಿದೆ.

ಊಟವಾದ ಮೇಲೆ ಅಂಗಳದಲ್ಲಿ ಪಾಠ. ಗಂಗಣ್ಣನ ಕೈಗೆ ತುಂಬಿದ ಚೆಂಬು ಕೊಟ್ಟು, ತೋಳು ಚಾಚಿ ನಿಲ್ಲಿಸುತ್ತಿದ್ದೆ. ನೀರು ತುಳುಕಬಾರದು. ಉಸಿರು ಅರ್ಧ ಬಿಡು, ತಡೆ, ಕಣ್ಣು ತೆರೆದಿರಲಿ. ನಾನು ಹಿಂದಿನಿಂದ ತಟ್ಟೆ ಬಡಿದು ಸದ್ದು ಮಾಡುತ್ತಿದ್ದೆ, ಬೆಚ್ಚಬಾರದು ಎಂದು. ಸುತ್ತ ಬೇರೆ ಮನೆಗಳಿಲ್ಲ ಎಂದು ಅವನು ಹೇಳಿದ್ದರೂ, ಬೇಲಿಯಾಚೆ ಅವನ ತಮ್ಮ ತಿಮ್ಮಯ್ಯನ ಮನೆ ಇತ್ತು. ತಮ್ಮನ ಹೆಂಡತಿ ಲಕ್ಷ್ಮಮ್ಮ ಒಮ್ಮೆ ಈ ಆಟ ನೋಡಿ ನಗುತ್ತ, ಬೇಲಿಯ ಮೇಲಿಂದಲೇ ನನಗೊಂದು ಲೋಟ ಮಜ್ಜಿಗೆ ಕೊಟ್ಟಳು. ನಾನು ಕುಡಿಯುವಾಗ ಗಂಗಣ್ಣ ಮುಖ ಆ ಕಡೆ ತಿರುಗಿಸಿ ನಿಂತಿದ್ದ. ಅಣ್ಣತಮ್ಮಂದಿರ ನಡುವೆ ಮಾತಿಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಿತು ಕೂಡ. ಎಲ್ಲ ಮನೆಗಳಲ್ಲೂ ಇರುವುದೇ ಎಂದುಕೊಂಡು ಸುಮ್ಮನಾದೆ.

ಎರಡನೆಯ ಪರೀಕ್ಷೆಯಲ್ಲಿ ಗಂಗಣ್ಣನ ಏಳು ಗುಂಡು ವೃತ್ತದೊಳಗೆ ಬಿದ್ದವು. ನೋಡಲು ಹೋಗಿದ್ದ ನನ್ನನ್ನು ಅವನು ಎಲ್ಲರೆದುರಿಗೆ ತಬ್ಬಿಕೊಂಡ.

ಎಂಟು ತಿಂಗಳ ನಂತರದ ಮಾತು. ಲೇಔಟ್ ಮಾಡುವವರು ತೋಟ ಅಳೆಯಲು ಬಂದರು. ಗಡಿಯ ಕಲ್ಲು ಬೇಲಿಯ ಯಾವ ಬದಿಗೆ ಎಂದು ಮಾತು ಎದ್ದಿತು. ಬೆಳಗಿನ ಹತ್ತು ಗಂಟೆ, ಸರ್ವೆಯವರು ಸರಪಳಿ ಹಿಡಿದುಕೊಂಡು ನಿಂತೇ ಇದ್ದರು. ಗಂಗಣ್ಣ ಒಳಗೆ ಹೋಗಿ ಬಂದು, ಹದಿನೈದು ಹೆಜ್ಜೆ ದೂರದಲ್ಲಿದ್ದ ತಮ್ಮನಿಗೆ ಒಂದೇ ಗುಂಡು ಹೊಡೆದ. ಎದೆಗೆ ಬಿತ್ತು. ನನಗೆ ಇದು ತಿಳಿದದ್ದು ಮರುದಿನ, ಅಂಗಡಿಯಲ್ಲಿ ಬಳೆ ನೋಡುತ್ತಿದ್ದ ಹೆಂಗಸರಿಬ್ಬರ ಮಾತಿನಿಂದ. ಮಲ್ಲತ್ತಹಳ್ಳಿ ಎಂದಾಗ ಕಿವಿಗೊಟ್ಟೆ. ಹೆಸರು ಹೇಳಿದಾಗ ನನ್ನ ಕೈಯಲ್ಲಿದ್ದ ಒಡವೆಯ ಪೆಟ್ಟಿಗೆಯನ್ನು ಗಾಜಿನ ಮೇಲೆ ಇಟ್ಟೆ.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಪುಟ್ಟಮ್ಮ ನನ್ನ ಕೋಣೆ ಹುಡುಕಿಕೊಂಡು ಬಂದಳು. ಕುಳಿತುಕೊಳ್ಳಿ ಎಂದರೂ ಬಾಗಿಲಲ್ಲೇ ನಿಂತಳು.

"ಲಾಯರು ಹೇಳಿದ್ರು, ನಮ್ಮನೆಯವರಿಗೆ ಅದನ್ನ ಹಿಡಿಯೋಕೇ ಬರ್ತಿರಲಿಲ್ಲ, ಹೆದರಿಸೋಕೆ ತೋರ್ಸಿದ್ರು, ಕೈತಪ್ಪಿ ಹಾರ್ತು ಅಂತ ಆಗಬೇಕಂತೆ. ಮೊದಲನೇ ಸಲ ಫೇಲಾಗಿದ್ದು ಕಾಗದದಲ್ಲೇ ಐತೆ. ನಿನ್ನ ಸಾಕ್ಷಿಗೆ ಕರೀತಾರೆ ರುದ್ರಪ್ಪ. ಅವರಿಗೆ ಬರ್ತಿರಲಿಲ್ಲ ಅನ್ನು. ಅಷ್ಟಂದ್ರೆ ಸಾಕು."

"ಆಮ್ಯಾಲೆ ಪಾಸಾದ್ನಲ್ರಿ ಅವ್ವಾ."

"ಅದೇನೋ ಅದೃಷ್ಟಕ್ಕೆ ಆಯ್ತು ಅನ್ನು." ಅವಳ ದನಿ ಏರಲಿಲ್ಲ. "ನಮ್ಮನೇಲಿ ಕೂತು ಉಂಡಿದೀಯ. ನಾನು ಇನ್ನೇನೂ ಕೇಳಲ್ಲ."

ನೋಡತೀನ್ರಿ ಎಂದೆ. ಹೇಳಲಾರೆ ಎನ್ನುವ ಧೈರ್ಯವಾಗಲಿಲ್ಲ, ಹೇಳುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಆಕೆ ಅದನ್ನು ಒಪ್ಪಿಗೆ ಎಂದುಕೊಂಡು ಹೋದಳು.

ಕೋರ್ಟಿಗೆ ಹೋದ ದಿನ ಸುಳ್ಳು ಹೇಳುವುದೆಂದೇ ನಿಶ್ಚಯಿಸಿದ್ದೆ. ಇದನ್ನು ನೀವು ನಂಬಬೇಕು. ನಾನು ಯಾರಿಗೂ ಬೇಡವಾಗಿದ್ದ ದಿನಗಳಲ್ಲಿ ಅನ್ನ ಕೊಟ್ಟ ಮನೆ ಅದು. ಕಟಕಟೆಯಲ್ಲಿ ನಿಂತು ನೋಡಿದರೆ ಎದುರಿನ ಬೆಂಚಿನ ಒಂದು ತುದಿಯಲ್ಲಿ ಪುಟ್ಟಮ್ಮ, ಇನ್ನೊಂದು ತುದಿಯಲ್ಲಿ ಲಕ್ಷ್ಮಮ್ಮ. ಲಕ್ಷ್ಮಮ್ಮನ ಹಣೆ ಬರಿದಾಗಿತ್ತು. ಅವಳಿಗೆ ನನ್ನ ಗುರುತು ಸಿಕ್ಕಿದೆ ಎಂದು ಕಣ್ಣಿನಿಂದಲೇ ತಿಳಿಯಿತು.

"ಆರೋಪಿಗೆ ಗುರಿ ಇಟ್ಟು ಹೊಡೆಯಲು ಬರುತ್ತಿತ್ತೆ?" ಸರ್ಕಾರಿ ವಕೀಲರು ಕೇಳಿದರು.

"ಬರ್ತಿತ್ರಿ."

ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಬರೆದುಕೊಳ್ಳುವವರಿಗೆ ಕೇಳಿಸಲಿಲ್ಲ. ನ್ಯಾಯಾಧೀಶರು, "ಸರಿಯಾಗಿ ಹೇಳಿ. ಬರುತ್ತಿತ್ತು ಅಂತಲೋ, ಬರುತ್ತಿರಲಿಲ್ಲ ಅಂತಲೋ?" ಎಂದರು. ತಿದ್ದಿಕೊಳ್ಳಲು ಅದೊಂದು ದಾರಿಯಿತ್ತು. ಗಂಗಣ್ಣ ನನ್ನನ್ನೇ ನೋಡುತ್ತಿದ್ದ.

"ಬರುತ್ತಿತ್ತು ಸ್ವಾಮಿ. ಕಲಿಸಿದವನು ನಾನೇ."

ಹೀಗೆ ಆ ಮಾತನ್ನು ನಾನು ಎರಡು ಸಲ ಹೇಳಿದೆ. ಒಮ್ಮೆ ನಮ್ಮ ಕನ್ನಡದಲ್ಲಿ, ಒಮ್ಮೆ ಅವರ ಕನ್ನಡದಲ್ಲಿ.

ಗಂಗಣ್ಣನಿಗೆ ಜೀವಾವಧಿಯಾಯಿತು. ತೀರ್ಪಿನ ದಿನ ಪುಟ್ಟಮ್ಮ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ದಾಟಿ ಹೋದಳು, ತಿರುಗಿಯೂ ನೋಡಲಿಲ್ಲ. ಲಕ್ಷ್ಮಮ್ಮ ಮಾತ್ರ ಹತ್ತಿರ ಬಂದಳು. ಒಳ್ಳೆಯದಾಗಲಿ ಅನ್ನುತ್ತಾಳೇನೋ ಎಂಬ ಆಸೆ ನನಗೆ ಒಳಗೆ ಎಲ್ಲೋ ಇತ್ತು.

"ಕಲಿಸೋವಾಗ ಯಾಕೆ ಅಂತ ಕೇಳ್ಬಾರದಿತ್ತೇನಪ್ಪ?" ಎಂದಳು.



ಆಮೇಲೆ ಒಂದು ವಾರ ರಜೆ ಹಾಕಿ ಊರಿಗೆ ಬಂದಿದ್ದೆನಲ್ಲ, ಮೈಯಲ್ಲಿ ಹುಷಾರಿಲ್ಲ ಎಂದು ನೀವೆಲ್ಲ ತಿಳಿದದ್ದು ಆಗಲೇ. ನೆರೆಮನೆಯ ಮಗ್ಗದ ಮುಂದೆ ಕುಳಿತೆ. ಕಾಲು ನಡೆಯಿತು, ಲಾಳಿ ಓಡಿತು. ಒಂದು ಎಳೆ ಕಡಿಯಿತು. ಕೂಡಿಸಲು ಬಗ್ಗಿ, ಉಸಿರು ಅರ್ಧ ಬಿಟ್ಟು ತಡೆದೆ. ಎಳೆ ಕೂಡಿಸದೆ ಕೈ ಹಿಂದೆಗೆದೆ. ಎದ್ದುಬಿಟ್ಟೆ. ಗೌರವ್ವ ನೋಡಿದಳು. ಅವಳಿಗೆ ಹೇಳಬೇಕೆಂದಿದ್ದ ಮಾತುಗಳನ್ನೇ ಈಗ ಇಲ್ಲಿ ನಿಮಗೆಲ್ಲ ಬರೆದಿದ್ದೇನೆ. ಮುಖಾಮುಖಿ ಹೇಳುವ ಶಕ್ತಿ ನನಗಿರಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಸೋದರಮಾವ ಕೇಳಿದ, "ಮತ್ತ ಊರಿಗೆ ಯಾವಾಗ ಹೊಂಟಿ ರುದ್ರಾ?"

ಅವನು ಬೆಂಗಳೂರನ್ನು ಊರು ಎಂದ. ನಾಳೆ ಎಂದೆ.

ವಿಜಯನಗರದಲ್ಲಿ ಬಸ್ಸಿಳಿದು ಚೀಲ ಹೊತ್ತು ಗೇಟು ತೆರೆಯುವಾಗ ಮನೆ ಒಡತಿ ರಂಗೋಲಿ ಹಾಕುತ್ತಿದ್ದವರು ತಲೆ ಎತ್ತಿದರು.

"ಊರಿಂದ ಈಗ ಬಂದ್ರಾ? ಎಲ್ಲಾ ಚೆನ್ನಾಗಿದಾರಾ ಅಲ್ಲಿ?"

ಚೆನ್ನಾಗಿದ್ದಾರೆ ಎಂದು ಹೇಳಿ, ರಂಗೋಲಿ ತುಳಿಯದಂತೆ ಪಕ್ಕಕ್ಕೆ ಸರಿದು ಕೋಣೆಗೆ ಹೋದೆ.