ಬರ್ಕೂಕನ ನೀರಿಗೆ ಲಲ್ಲಾ ತೂದಾ ಅವರ ಶಿಳ್ಳೆ

ಅಝ್ರೂ ಪಟ್ಟಣದ ಮೇಲಿನ ದೇವದಾರು ಕಾಡಿನಂಚಿನಲ್ಲಿ, ಗಾಡಿಗಳಿಂದ ಬಿಡಿಸಿ ತಂದ ಮುದಿ ಕುದುರೆಗಳನ್ನು ಸಲಹುವ ಧಾಮವೊಂದಿದೆ. ಕುದುರೆಗಳನ್ನು ಬಿಡಿಸಿ ತರುವವರು ಮೊರಾಕ್ಕೊ ದೇಶದಲ್ಲಿ ಇನ್ನೂ ಹಲವರಿದ್ದಾರೆ. ಪತ್ರಿಕೆಗಳಲ್ಲಿ ಅವರ ಚಿತ್ರಗಳೂ ಬರುತ್ತವೆ. ತಂದ ಕುದುರೆಯನ್ನು ಚಳಿಗಾಲ ದಾಟಿಸುವ ಕೆಲಸದ ಚಿತ್ರ ತೆಗೆಯಲು ಮಾತ್ರ ಯಾರೂ ಬೆಟ್ಟ ಹತ್ತುವುದಿಲ್ಲ. ಆ ಕೆಲಸದಲ್ಲೇ ತಮ್ಮ ಪ್ರಾಯವನ್ನೆಲ್ಲ ಸವೆಸಿ, ಈ ಶರತ್ಕಾಲದಲ್ಲಿ ಧಾಮದ ಮೇಲ್ವಿಚಾರಕಿಯಾಗಿ ನಿವೃತ್ತರಾಗುತ್ತಿರುವ ಎಲ್ಲರೂ ಗೌರವದಿಂದ ಲಲ್ಲಾ ಎಂದು ಕರೆಯುವ ತೂದಾ ಊಬಸ್ಸು ಅವರ ಕುರಿತು ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವುದು ಗೌರವದ ಸಂಗತಿ. ಸಂತೋಷದ ಸಂಗತಿ ಎನ್ನಲು ಮಾತ್ರ ಮನಸ್ಸು ಬಾರದು.

ಕುರಿ ಸಾಕುವ ಮನೆತನದಲ್ಲಿ ಹುಟ್ಟಿದ ತೂದಾ ಅವರು, ಗಂಡ ತೀರಿಕೊಂಡ ವರ್ಷ ಇಲ್ಲಿ ಲಾಯ ಗುಡಿಸುವ ಕೆಲಸಕ್ಕೆ ಸೇರಿದರು. ಆ ಚಳಿಗಾಲದಲ್ಲೇ ಒಂದು ಬಿಳಿಯ ಹೆಣ್ಣುಗುದುರೆ ಸತ್ತಿತು. ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯಲಿಲ್ಲ. ಹಿಮ ಕರಗುವವರೆಗೆ ಹೆಣವನ್ನು ತಾಡಪಾಲಿನಡಿ ಇರಿಸಿ, ನಾಯಿಗಳು ಹತ್ತಿರ ಸುಳಿಯದಂತೆ ಅವರೇ ಕೋಲು ಹಿಡಿದು ಕಾದರು. ಅಂದಿನಿಂದ ಒಂದು ಪದ್ಧತಿ ಹಾಕಿಕೊಂಡರು: ನೆಲ ಮೆತ್ತಗಿರುವ ಶರತ್ಕಾಲದಲ್ಲೇ ಕುದುರೆಯೊಂದು ಮಲಗುವಷ್ಟು ಗುಂಡಿ ತೋಡಿಸುವುದು, ವಸಂತದವರೆಗೆ ಅದು ಖಾಲಿ ಉಳಿಯುವಂತೆ ನೋಡಿಕೊಳ್ಳುವುದು. “ಬದುಕಿರೋರಿಗೆ ಗೋರಿ ತೋಡ್ತಾಳಲ್ಲ, ಎಂಥ ಹೆಂಗಸಪ್ಪಾ!” ಎಂದು ಊರವರು ಆಡಿಕೊಂಡರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗಾದರೆ ತೊಟ್ಟಿಯ ಮಂಜುಗಡ್ಡೆ ಒಡೆಯುವುದು, ಬಾರ್ಲಿ ಬೇಯಿಸುವುದು, ಏಳಲಾರದ ಕುದುರೆಯ ಬೆನ್ನಿಗೆ ತಮ್ಮದೇ ಉಣ್ಣೆಯ ಹೊದಿಕೆ ಹೊದಿಸುವುದು. ಇಷ್ಟಾದರೂ ಹೆಚ್ಚಿನ ವರ್ಷ ಗುಂಡಿಯೇ ಗೆಲ್ಲುತ್ತಿತ್ತು. ಅಭಿನಂದನೆಯ ಭರದಲ್ಲಿ ಇದನ್ನು ಮುಚ್ಚಿಡುವುದು ತರವಲ್ಲ.

ಅವರು ಮೇಲ್ವಿಚಾರಕಿಯಾದ ಮೇಲೆ, ಮೆಕ್ನೆಸ್‌ನಲ್ಲಿ ಸಾರೋಟು ಎಳೆಯುತ್ತಿದ್ದ ಬರ್ಕೂಕ್ ಎಂಬ ಕಪ್ಪು ಕುದುರೆ ಧಾಮಕ್ಕೆ ಬಂತು. ಅದರ ಹೆಗಲು ಹುಣ್ಣಾಗಿತ್ತು. ಅದನ್ನು ಲಾರಿಗೆ ಹತ್ತಿಸುವಾಗ ಜನ ಗೌರವದಿಂದ ಸೀ ಎನ್ನುವ ಸಾರೋಟಿನ ಮುದುಕ ಜಿಲಾಲಿ ಲಾರಿಯ ಹಿಂದೆಯೇ ಓಡುತ್ತ ಏನೋ ಕೂಗಿದ್ದ. ಬೈಯುತ್ತಿದ್ದಾನೆ ಎಂದುಕೊಂಡು ಯಾರೂ ಕಿವಿಗೊಡಲಿಲ್ಲ.

ಬೇಸಗೆಯಲ್ಲಿ ಬರ್ಕೂಕ್ ದಾಹಕ್ಕೆ ತಾನಾಗಿಯೇ ನೀರು ಕುಡಿಯಿತು, ಹುಣ್ಣು ಮಾಯಿತು. ಹಿಮ ಬಿದ್ದದ್ದೇ ತಡ, ತೊಟ್ಟಿಯ ಮುಂದೆ ನಿಂತು ಮುಖ ತಿರುಗಿಸತೊಡಗಿತು. ಒಣಹುಲ್ಲು ತಿನ್ನುವ ಕುದುರೆ ನೀರು ಬಿಟ್ಟರೆ ಕರುಳು ಕಟ್ಟಿ ಸಾಯುತ್ತದೆ. ನೀರು ಬೆಚ್ಚಗೆ ಮಾಡಿದರು, ಸಕ್ಕರೆ ಕದಡಿದರು, ನಾಲಗೆಗೆ ಉಪ್ಪು ಸವರಿದರು. ಪಶುವೈದ್ಯರು ಮೂಗಿನ ಮೂಲಕ ಎಣ್ಣೆ ಇಳಿಸಿ, ಇನ್ನು ನೀರು ಕುಡಿದರೆ ಮಾತ್ರ ಉಳಿದೀತು ಎಂದರು. ಸಹಾಯಕ ಹಮ್ಮು ಗುಂಡಿಯಲ್ಲಿ ತುಂಬಿದ್ದ ಹಿಮವನ್ನು ಎತ್ತಿಹಾಕಲು ಸಲಿಕೆ ತಂದಾಗ ತೂದಾ ಅವರಿಗೆ ಲಾರಿಯ ಹಿಂದೆ ಓಡಿದ್ದ ಜಿಲಾಲಿಯ ನೆನಪಾಯಿತು. ಆ ಮುದುಕ ಕೂಗಿದ್ದೇನು? ಬೈಗುಳವಾಗಿದ್ದರೆ ಕುದುರೆಯ ಹೆಸರನ್ನೇಕೆ ಮತ್ತೆ ಮತ್ತೆ ಹೇಳುತ್ತಿದ್ದ? ಸಲಿಕೆ ಕಿತ್ತಿಟ್ಟು ಮೆಕ್ನೆಸ್ ಬಸ್ಸು ಹತ್ತಿದರು.

ಜಿಲಾಲಿ ಚಹಾದಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದ.

“ಓಹೋ! ಕಿತ್ಕೊಂಡು ಹೋದವ್ರು ಬಂದ್ರಾ? ಸಾರೋಟೂ ಇದೆ, ಅದನ್ನೂ ಎತ್ಕೊಂಡ್ಹೋಗಿ.”

“ನೀರು ಕುಡೀತಿಲ್ಲ, ಸೀ ಜಿಲಾಲಿ.”

ಮುದುಕ ಲೋಟ ಕೆಳಗಿಟ್ಟ. “ಬಡ್ಕೊಂಡೆನಲ್ಲಮ್ಮಾ ಅವತ್ತು! ಚಳೀಲಿ ಶಿಳ್ಳೆ ಹಾಕದೆ ಕುಡಿಯಲ್ಲ ಅಂತ. ಮರಿಯಿಂದ ಶಿಳ್ಳೆ ಹಾಕ್ಕೊಂಡೇ ಕುಡಿಸಿದ್ದು. ನನ್ನ ಮಾತು ಕೇಳಿಸ್ಕೊಳ್ಳೋ ವ್ಯವಧಾನ ಯಾರಿಗಿತ್ತು ನಿಮಗೆ?”

“ಬೈಯೋದಿದ್ರೆ ದಾರೀಲಿ ಬೈಯಿರಂತೆ. ಬಸ್ಸು ಹೊರಟುಹೋಗತ್ತೆ, ಏಳಿ.”

ದಾರಿಯುದ್ದಕ್ಕೂ ಆತ ಬೈದ, ಅವರು ಕೇಳಿಸಿಕೊಂಡರು. ತೊಟ್ಟಿಯ ಬಳಿ ಆತ ಶಿಳ್ಳೆ ಹಾಕಿದ. ಏರಿ ಇಳಿದು ಮತ್ತೆ ಏರುವ ಒಂದೇ ಉದ್ದನೆಯ ಶಿಳ್ಳೆ. ಬರ್ಕೂಕ್ ತಲೆ ತಗ್ಗಿಸಿ ಕುಡಿಯಿತು. ಕುಡಿಯುತ್ತಲೇ ಇತ್ತು. ಜಿಲಾಲಿ ಮಾದ ಹುಣ್ಣಿನ ಜಾಗವನ್ನು ಸವರಿ, “ಇದು ನಂದೇ ತಪ್ಪು” ಎಂದಷ್ಟೇ ಹೇಳಿದ.

ತೂದಾ ಅವರ ಸೇವೆಯಲ್ಲಿ ದೊಡ್ಡದು ಯಾವುದೆಂದರೆ ಇದರ ನಂತರ ಬಂದ ಕಟ್ಟಳೆ. ಅಂದಿನಿಂದ ಕುದುರೆ ಬಿಡಿಸಿ ತರಲು ಹೋದವರು ಅದರ ಒಡೆಯನ ಜೊತೆ ಕೂತು ಚಹಾ ಕುಡಿದು, ಬೈಸಿಕೊಂಡು, ಅದನ್ನು ಹೇಗೆ ಕರೆಯುತ್ತಿದ್ದ, ಹೇಗೆ ಉಣಿಸುತ್ತಿದ್ದ ಎಂದು ಕೇಳದೆ ಲಾರಿಯ ಬಾಗಿಲು ಹಾಕುವಂತಿಲ್ಲ. ಗುಂಡಿ ಖಾಲಿ ಉಳಿದ ವರ್ಷಗಳು ಆಮೇಲೆ ಹೆಚ್ಚಾದವು.

ಜಿಲಾಲಿ ಎರಡು ಚಳಿಗಾಲ ಬೆಟ್ಟದಲ್ಲೇ ಇದ್ದು ತೂದಾ ಅವರಿಗೆ ಶಿಳ್ಳೆ ಕಲಿಸಿದ. ಕುದುರೆಯೂ ನಿಧಾನವಾಗಿ ಒಪ್ಪಿಕೊಂಡಿತು. ಹೆಂಗಸು ಶಿಳ್ಳೆ ಹಾಕಿದರೆ ಜಿನ್ನು ಎಂಬ ಭೂತಗಳು ಬರುತ್ತವೆಂದು ನಂಬುವ ಊರು ಇದು. “ಈ ವಯಸ್ಸಲ್ಲಿ ಶಿಳ್ಳೆ ಹಾಕೋ ಚಪಲ ಬಂತಾ, ತೂದಾ?” ಎಂದು ನೆರೆಯವಳು ಹಂಗಿಸಿದಾಗ, “ಜಿನ್ನು ಬಂದ್ರೆ ಬರ್ಲಿ ಬಿಡೇ, ಲಗಾಮು ಹಾಕಿ ನೀರು ಹೊರಿಸ್ತೀನಿ” ಎಂದರು. ಮೂರನೆಯ ಚಳಿಗಾಲಕ್ಕೆ ಜಿಲಾಲಿ ಬದುಕಿರಲಿಲ್ಲ. ಮೊದಲ ಹಿಮ ಬಿದ್ದ ಬೆಳಗ್ಗೆ ಶಿಳ್ಳೆ ಹಾಕಲು ತೂದಾ ಅವರಿಗೆ ತುಟಿ ಕೂಡಲಿಲ್ಲ. ಅತ್ತು ಮುಗಿಸಿ ಹಾಕಿದರು.

ಈಗ ಅವರ ಸ್ಥಾನಕ್ಕೆ ಬರುತ್ತಿರುವ ಹಮ್ಮು ಬೇಸಗೆಯಿಂದಲೂ ಆ ಶಿಳ್ಳೆ ಕಲಿಯುತ್ತಿದ್ದಾನೆ. ಸ್ವರ ತಪ್ಪಿಲ್ಲ. ಬರ್ಕೂಕ್ ಕಿವಿ ನಿಮಿರಿಸಿ, ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ. ತಲೆ ಮಾತ್ರ ತಗ್ಗಿಸುವುದಿಲ್ಲ. ಈ ವರ್ಷದ ಗುಂಡಿಯನ್ನೂ ಹಮ್ಮುವೇ ತೋಡಿಸಿದ. ಬೀಳ್ಕೊಡುಗೆಯ ದಿನ ತೂದಾ ಅವರು ಅದರ ಅಂಚಿನಲ್ಲಿ ನಿಂತು, ಶಾಲು ಹೊದಿಸಲು ಬಂದವರನ್ನೂ ಗಮನಿಸದೆ, ಮೆಲ್ಲಗೆ ಹೇಳಿದರು: “ನಿವೃತ್ತಿ ಅಂದ್ರೆ ಸಂಬಳ ನಿಲ್ಲತ್ತೆ, ಅಷ್ಟೆ. ಬೆಳಗ್ಗೆ ಬರ್ತೀನಿ. ಆದ್ರೆ ಹಮ್ಮು, ನಮ್ಮ ಬರ್ಕೂಕ್ ನನಗಿಂತ ಮುಂಚೆ ಹೋಗ್ಲಪ್ಪಾ. ತೊಟ್ಟಿ ತುಂಬ ನೀರಿಟ್ಕೊಂಡು ಬಾಯಾರಿ ನನ್ನ ದಾರಿ ಕಾಯೋ ಹಾಗಾಗ್ಬಾರ್ದು.”

ಇಂಥ ಗ್ರಂಥಗಳ ಕೊನೆಯಲ್ಲಿ ನೂರು ವರ್ಷದ ಆಯುಸ್ಸನ್ನು ಹಾರೈಸುವುದು ವಾಡಿಕೆ. ಲಲ್ಲಾ ತೂದಾ ಅವರು ಅಷ್ಟು ಕೇಳಿದವರಲ್ಲ. ಅವರ ಉಸಿರು ಗಟ್ಟಿಯಾಗಿರಲಿ, ಮಂಡಿಗಳು ಆ ಏರುದಾರಿಯನ್ನು ತಾಳಲಿ, ಭಗವಂತ ಅವರಿಗೆ ಬರ್ಕೂಕನಿಗಿಂತ ಒಂದು ಬೆಳಗ್ಗೆಯನ್ನಾದರೂ ಹೆಚ್ಚು ಕೊಡಲಿ.