ಕೈ ಅಳೆದು ಕೊಟ್ಟ ರಿವಾಲ್ವರ್

ಅವರ ಬಲಗೈಯ ಉಗುರುಗಳ ಸಂದಿನಲ್ಲಿ ಸದಾ ನೀಲಿ ಇರುತ್ತಿತ್ತು. ಬಡಗಿಗಳು ಮರದ ಮೇಲೆ ಗೆರೆ ಹೊಡೆಯಲು ದಾರಕ್ಕೆ ಹಚ್ಚುವ ಪುಡಿಯ ನೀಲಿ. ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ತೊಳೆಯಲು ಅವರು ಹೆಚ್ಚು ಕಷ್ಟಪಟ್ಟಂತೆಯೂ ಕಾಣುತ್ತಿರಲಿಲ್ಲ. ಮೊರದಗಲದ ಆ ಕೈಯಲ್ಲಿ ಎಂಥ ಪಿಸ್ತೂಲಾದರೂ ಆಟದ ಸಾಮಾನಾಗಿ ಬಿಡುತ್ತಿತ್ತು. ಮೆಟುಚೆನ್ ಅನ್ನುವ ನಮ್ಮ ಊರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಅವರ ಬಂದೂಕಿನಂಗಡಿ. ನಮ್ಮ ಮನೆಯಲ್ಲಿ ಅವರ ಹೆಸರು ನೀಲಿ ತಾತ. ಎದುರಿಗೆ ಮಾತ್ರ ‘ಸರ್’ ಎನ್ನುತ್ತಿದ್ದೆ, ಮೈಸೂರಿನ ಅಭ್ಯಾಸ ಬಿಡಬೇಕಲ್ಲ.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಈ ದೇಶಕ್ಕೆ ಬಂದು ಮೂರು ವರ್ಷ. ವೀಸಾ ಗಂಡನದು, ಕಾರು ಗಂಡನದು, ಪಾರ್ಟಿಗೆ ಹೋದರೆ ನಾನು ಇಂಥವರ ವೈಫ್. ನನ್ನದು ಅಂತ ಒಂದೇ ಒಂದು ಇತ್ತು: ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದರೆ ನನ್ನ ಗುಂಡು ನಡುವಿನ ಕಪ್ಪು ಚುಕ್ಕೆ ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ. ಹಾಗಾಗಿ ಊರಿನ ಪಿಸ್ತೂಲು ಕ್ಲಬ್ಬಿನಲ್ಲಿ ಚಳಿಗಾಲದ ಪಂದ್ಯಗಳ ತಂಡಕ್ಕೆ ಒಂದು ಜಾಗ ಖಾಲಿ ಇದೆ ಅಂತ ಗೊತ್ತಾದ ದಿನ ನನಗೆ ಅನ್ನ ಸೇರಲಿಲ್ಲ. ಆ ಜಾಗ ನನಗೆ ಬೇಕೇ ಬೇಕಿತ್ತು. ಕ್ಲಬ್ಬಿನವರ ಫಾರ್ಟಿಫೈವ್, ಅಂದರೆ ದಪ್ಪ ಗುಂಡಿನ ದೊಡ್ಡ ಪಿಸ್ತೂಲು, ಇಸಕೊಂಡು ಹೊಡೆದೆ ನೋಡಿ, ಮೊದಲನೆಯ ಗುಂಡು ನೆಟ್ಟಗೆ ಹೋಯಿತು. ಎರಡನೆಯದಕ್ಕೆ ಕಣ್ಣು ತಾನೇ ಮುಚ್ಚಿತು. ಮೂರನೆಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಕ್ಲಬ್ಬಿನ ಸೆಕ್ರೆಟರಿ ನಯವಾಗಿಯೇ ಹೇಳಿದರು: ಅಕ್ಟೋಬರಿನ ಕೊನೆಯ ಭಾನುವಾರ ಪರೀಕ್ಷೆ, ಅವತ್ತೂ ಹೀಗಾದರೆ ಜಾಗ ಇನ್ನೊಬ್ಬರಿಗೆ.

ಪೊಲೀಸ್ ಸ್ಟೇಷನ್ನಿನಲ್ಲಿ ಹತ್ತೂ ಬೆರಳಿನ ಗುರುತು ಕೊಟ್ಟು ಪರ್ಮಿಟ್ ಪಡೆದೆ. ಒಂದು ಪರ್ಮಿಟ್ಟಿಗೆ ಒಂದೇ ಪಿಸ್ತೂಲು. ತಪ್ಪಾದದ್ದನ್ನು ಆರಿಸಿದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಅಷ್ಟರಲ್ಲಿ ಅಕ್ಟೋಬರ್ ಮುಗಿದೇ ಹೋಗುತ್ತಿತ್ತು. ಅಂಗಡಿಗೆ ಹೋಗುವಾಗ ಕಾರಿನಲ್ಲೇ ನಮ್ಮಿಬ್ಬರ ಜಗಳ ಶುರು.

“ತಗೊಳ್ಳೋದಾದ್ರೆ ದೊಡ್ಡದೇ ತಗೋ ಕಣೇ. ಫಾರ್ಟಿಫೈವ್ ಅಂದ್ರೆ ಫಾರ್ಟಿಫೈವ್. ನಮ್ಮ ಆಫೀಸಲ್ಲಿ ಎಲ್ರೂ ಅದನ್ನೇ ರೆಕಮೆಂಡ್ ಮಾಡ್ತಾರೆ,” ಅಂದರು ನನ್ನ ಗಂಡ.

“ನಿಮ್ಮ ಆಫೀಸಿನವರ ಕೈಯಲ್ಲಿ ಹೊಡೀತೀನೇನ್ರೀ ನಾನು?” ಅಂದೆ. ಹಿಂದೊಮ್ಮೆ ಅಂಗಡಿಗೆ ಹೋದಾಗ ನನಗೆ ಗಾಜಿನ ಪೆಟ್ಟಿಗೆಯೊಳಗಿನ ಪುಟಾಣಿ ರಿವಾಲ್ವರ್ ಒಂದರ ಮೇಲೆ ಆಗಲೇ ಕಣ್ಣು ಬಿದ್ದಿತ್ತು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು, ನೋಡಿದರೆ ಮುದ್ದು ಬರಬೇಕು.

ಅಂಗಡಿಯಲ್ಲಿ ತಾತ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಗೆಣ್ಣುಗಳನ್ನು ಒತ್ತಿ ನೋಡಿದರು, ಥೇಟು ಮೈಸೂರಿನ ಮಾರ್ಕೆಟ್ಟಿನ ಬಳೆಗಾರನ ಹಾಗೆ. ಅಂಗೈಗೆ ನೀಲಿ ಪುಡಿ ಸವರಿದರು. ಒಂದೊಂದೇ ರಿವಾಲ್ವರಿನ ಹಿಡಿಗೆ ಕಂದು ಕಾಗದ ಸುತ್ತಿ, ಹಿಡಿ ಅಂದರು. ಬಿಟ್ಟ ಮೇಲೆ ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿದರು, ಕೈ ಒತ್ತಿದಲ್ಲೆಲ್ಲ ನೀಲಿ ಗುರುತು. ಅವರ ಪದ್ಧತಿಯೇ ಅದು, ಬಂದ ಗಿರಾಕಿ ಪೊಲೀಸನಾದರೂ ಸರಿ, ಗುಮಾಸ್ತನಾದರೂ ಸರಿ.

“ಗುಂಡು ಎಷ್ಟು ದಪ್ಪ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಕೈ ಎಷ್ಟಿದೆ ಅಂತ ಯಾರೂ ಹೇಳುವುದಿಲ್ಲ,” ಎಂದು ಗೊಣಗಿದರು. ದೊಡ್ಡ ಫ್ರೇಮಿನ, ಅಂದರೆ ದೊಡ್ಡ ಮೈಕಟ್ಟಿನ ರಿವಾಲ್ವರಿನ ಕಾಗದದಲ್ಲಿ ನನ್ನ ಹೆಬ್ಬೆರಳಿನ ಬುಡದ ಗುರುತೇ ಇರಲಿಲ್ಲ. “ಇಲ್ಲಿ ನಿನ್ನ ಕೈ ಸೇರಿಲ್ಲ. ಈ ಕೈಗೆ ಅದಲ್ಲ.” ನನ್ನ ಮುದ್ದಿನ ಪುಟಾಣಿಯ ಕಾಗದದಲ್ಲಿ ಕಿರುಬೆರಳೇ ನಾಪತ್ತೆ. “ಈ ಬೆರಳಿಗೆ ಜಾಗ ಇಲ್ಲ. ಪಿಸ್ತೂಲಿನ ಮೈ ಹಗುರವಾದಷ್ಟೂ ಹೊಡೆದಾಗ ಕುಣಿತ ಜಾಸ್ತಿ. ಈ ಕೈಗೆ ಇದೂ ಅಲ್ಲ.”

ಕೊನೆಗೆ ನಾವಿಬ್ಬರೂ ಕೇಳದ ಒಂದನ್ನು ತೆಗೆದರು. ನಡುವಿನ ಫ್ರೇಮ್, ಗುಂಡು ಮಾತ್ರ ಎಲ್ಲಕ್ಕಿಂತ ಸಣ್ಣ ಪಾಯಿಂಟ್ ಟ್ವೆಂಟಿಟೂ. ಕಾಗದ ಬಿಚ್ಚಿದರೆ ನನ್ನ ಕೈ ಇಡಿಯಾಗಿ ಅಲ್ಲಿತ್ತು. “ಭಾರ ಮೈಗಿರಲಿ, ಗುಂಡಿಗೆ ಬೇಡ,” ಅಂದರು. ನನ್ನ ಗಂಡ ಫಾರ್ಟಿಫೈವನ್ನೇ ಕೊಡಿ ಎಂದು ಇನ್ನೊಮ್ಮೆ ಕೇಳಿ ನೋಡಿದರು. ಅಂಗಡಿಯಲ್ಲಿ ನಾಲ್ಕಿದ್ದರೂ ತಾತ, ಆಕೆಗೆ ಮಾರುವುದಿಲ್ಲ ಎಂದುಬಿಟ್ಟರು.

ಅದನ್ನು ಹಿಡಿದು ಹೊಡೆದ ಮೊದಲ ದಿನವೇ ಕಣ್ಣು ಮುಚ್ಚುವುದು ನಿಂತಿತು. ವಾರದಿಂದ ವಾರಕ್ಕೆ ಗುಂಡುಗಳು ಕಪ್ಪು ಚುಕ್ಕೆಯ ಹತ್ತಿರ ಹತ್ತಿರ ಬಂದವು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಅಡುಗೆಮನೆಯಲ್ಲಿ ಸೌಟು ಹಿಡಿದರೂ ಗುರಿ ನೋಡುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಾನೇನು ಸುಮ್ಮನಿರುವವಳೇ? ಕಾರಿಗೆ ನಿಂಬೆಹಣ್ಣು, ಹೊಲಿಗೆ ಯಂತ್ರಕ್ಕೆ ಹೂವು, ರಿವಾಲ್ವರಿಗೆ ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ, ಧಾರಾಳವಾಗಿ. ಪರೀಕ್ಷೆ ಹತ್ತಿರ ಬಂತಲ್ಲ ಅಂತ ಇನ್ನೊಂದು ಸುತ್ತು ಜಾಸ್ತಿಯೇ ಹಚ್ಚಿದೆ. ಪೂಜೆ ಮಾಡಿದ್ದಕ್ಕೆ ಕೈ ಹಾಕಬಾರದು ಎಂದು ಪರೀಕ್ಷೆಯ ಭಾನುವಾರದವರೆಗೆ ಮುಟ್ಟಲೂ ಇಲ್ಲ.

ಭಾನುವಾರ ಕ್ಲಬ್ಬಿನಲ್ಲಿ ರಿವಾಲ್ವರಿನ ಪೆಟ್ಟಿಗೆ ತೆರೆದರೆ ಗುಂಡು ತುಂಬುವ ಸಿಲಿಂಡರ್ ತಿರುಗುತ್ತಿಲ್ಲ. ಸಂದಿಗೊಂದಿಗೆಲ್ಲ ಇಳಿದು ಒಣಗಿ ಕೂತಿತ್ತು ನನ್ನ ಭಕ್ತಿ. ನನ್ನ ಸರದಿಗೆ ಇನ್ನು ಒಂದು ಗಂಟೆ. ತಾತನೂ ಆ ಕ್ಲಬ್ಬಿನವರೇ; ಮೂಲೆಯಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ ಅವರ ಮುಂದೆ ಹೋಗಿ ರಿವಾಲ್ವರ್ ಇಟ್ಟೆ.

“ಇದು ತುಕ್ಕಲ್ಲ. ರಕ್ತವೂ ಅಲ್ಲ,” ಎಂದು ಮೂಸಿ ನೋಡಿದರು. “ಅಡುಗೆಯ ವಾಸನೆ. ಏನಮ್ಮ ಇದು?”

ಹೇಳಿದೆ. ವರ್ಷಕ್ಕೊಂದು ದಿನ ನಮ್ಮ ಕೈಯ ಕೆಲಸದ ಸಾಮಾನಿಗೆಲ್ಲ ನಾವು ಕೈಮುಗಿಯುತ್ತೇವೆ, ಅದಕ್ಕೇ ಹೀಗಾಯಿತು ಅಂದೆ. ಅವರು ನಗಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಭಾಗ ಉಜ್ಜಿ ಎಣ್ಣೆ ಹಾಕಿದರು. ಹಿಡಿಯ ಮರದ ಮೇಲಿದ್ದ ಒಂದು ಕುಂಕುಮದ ಬೊಟ್ಟನ್ನು ಮಾತ್ರ ಹಾಗೇ ಬಿಟ್ಟರು.

“ಇದು ಯಾರಿಗೂ ಅಡ್ಡ ಇಲ್ಲ,” ಅಂದರು. “ಮುಂದಿನ ವರ್ಷ ಉಳಿದದ್ದನ್ನು ಪೆಟ್ಟಿಗೆಗೆ ಹಚ್ಚು.”

ಅವತ್ತು ಹೊಡೆದ ಹಾಗೆ ನಾನು ಇನ್ಯಾವತ್ತೂ ಹೊಡೆಯಲಿಲ್ಲ. ಸೆಕ್ರೆಟರಿ ನನ್ನ ಗುರಿಹಾಳೆಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬರೆದರು. ಇಂಥವರ ವೈಫ್ ಅಂತ ಅಲ್ಲ, ನನ್ನ ಹೆಸರು. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಶತಪಥ ಹಾಕುತ್ತಿದ್ದ ಗಂಡ, “ಸಿಕ್ತಾ?” ಅಂದರು. “ಸಿಕ್ತು ರೀ,” ಅಂದೆ. ಆಮೇಲೆ ಊರಿಗೆಲ್ಲ ಡಂಗುರ ಹೊಡೆದವರು ಅವರೇ. ಟ್ವೆಂಟಿಟೂ ಸೆಲೆಕ್ಟ್ ಮಾಡಿದ್ದು ತಾವೇ ಅಂತ ಸೇರಿಸಿ ಹೇಳುತ್ತಿದ್ದರು.

ಏಳು ಚಳಿಗಾಲ ತಂಡದಲ್ಲಿದ್ದೆ. ಏಳನೆಯದರಲ್ಲಿ ತಾತ ಕಾಯಿಲೆ ಬಿದ್ದು ಎದ್ದರು, ಅಂಗಡಿ ಮುಚ್ಚಿದರು. ಮೊರದಗಲದ ಕೈ ಸೊರಗಿ ನಡುಗುತ್ತಿತ್ತು. ಆದರೂ ಭಾನುವಾರ ತಮ್ಮ ಹಳೆಯ ಫಾರ್ಟಿಫೈವ್ ತಂದು ಹೊಡೆಯುತ್ತಿದ್ದರು, ಗುಂಡು ಗುರಿಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಗಂಡಸರೆಲ್ಲ ಬೇರೆ ಕಡೆ ನೋಡುತ್ತಿದ್ದರು. ಹೇಳುವವರು ಯಾರು? ನನಗೆ ನೋಡಲಾಗಲಿಲ್ಲ.

ಮುಂದಿನ ಭಾನುವಾರ ಕಂದು ಕಾಗದ ತಂದೆ. ನೀಲಿ ಪುಡಿ ಎಲ್ಲಿ ಸಿಗುತ್ತದೋ ಗೊತ್ತಿರಲಿಲ್ಲ, ಮನೆಯ ಅರಿಶಿನದ ಡಬ್ಬಿ ತಂದೆ. ಅವರ ಪಿಸ್ತೂಲನ್ನು ಪಕ್ಕಕ್ಕಿಟ್ಟು, “ಸರ್, ಈ ಕೈಗೆ ಅದಲ್ಲ,” ಅಂದೆ. ಅವರು ಅಂಗೈ ಚಾಚಿದರು, ನಾನು ಅರಿಶಿನ ಸವರಿದೆ.

ನನ್ನ ರಿವಾಲ್ವರಿನ ಹಿಡಿಗೆ ಸುತ್ತಿದ್ದ ಕಾಗದವನ್ನು ಅವರೇ ಬಿಚ್ಚಿ, ಹಳದಿ ಗುರುತನ್ನು ಅವರೇ ಓದಿದರು. “ಪಾಯಿಂಟ್ ಟ್ವೆಂಟಿಟೂ. ನಡುವಿನ ಫ್ರೇಮ್,” ಅಂದರು, ಬೇರೆ ಯಾರೋ ಗಿರಾಕಿಗೆ ಹೇಳುವ ಹಾಗೆ. ಎರಡು ಕೈಯಲ್ಲೂ ಹಿಡಿದು ಹೊಡೆದ ಮೂರನೆಯ ಗುಂಡು ಕಪ್ಪಿಗೆ ಬಿತ್ತು. ಇಡೀ ಕ್ಲಬ್ಬಿಗೆ ಕೇಳುವಂತೆ ನಕ್ಕರು. ಆಮೇಲೆ ಪ್ರತಿ ಭಾನುವಾರ ಹೊಡೆಯುವ ಮುಂಚೆ, ಬೇಡವೆಂದರೂ ಕೇಳದೆ, ಕೈಗೆ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದರು.

ಏಪ್ರಿಲ್‌ನಲ್ಲಿ ಒಂದು ಮಂಗಳವಾರ ಹೋದರು. ನೋಡಲು ಹೋದಾಗ ಶವಪೆಟ್ಟಿಗೆಯಲ್ಲಿ ಸೂಟು ಹಾಕಿ ಮಲಗಿಸಿದ್ದರು, ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಅವರ ಹೆಂಡತಿ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಕ್ಷಮೆ ಕೇಳುವವರಂತೆ ಹೇಳಿದರು: “ಉಗುರಿನ ಹಳದಿ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ.”