ಇರ್ಲಿಬಿಡು ಅತ್ತಿಗೆಯ ತಕ್ಕಡಿ

ನಮ್ಮ ಅತ್ತಿಗೆಗೆ ನಾನಿಟ್ಟ ಹೆಸರು ಇರ್ಲಿಬಿಡು. ಹಾಲು ಉಕ್ಕಿದರೂ ಇರ್ಲಿ ಬಿಡು, ಅಡುಗೆಮನೆಯ ಗಡಿಯಾರ ಮುಂದೆ ಓಡಿದರೂ ಇರ್ಲಿ ಬಿಡು, ಎಷ್ಟು ಓಡುತ್ತೆ ಅಂತ ಗೊತ್ತಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ. ಇಂಥವಳ ಜೊತೆ ನಮ್ಮಣ್ಣ ಹೇಗೆ ಬಾಳುತ್ತಾನೋ ಎಂದುಕೊಳ್ಳುತ್ತಿದ್ದೆ. ಅವನು ಸುಖವಾಗಿಯೇ ಇದ್ದ.

ಕಿವಿ ಮಂದವಾದವರು ಹಾಕಿಕೊಳ್ಳುವ ಯಂತ್ರದ ಚಿಪ್‌ನಲ್ಲಿ ದನಿಯನ್ನು ಅಂಕಿಗಳಾಗಿ ಬದಲಾಯಿಸುವ ಭಾಗವನ್ನು ರೂಪಿಸುವುದು ಅವಳ ಕೆಲಸ. ಒಮ್ಮೆ ನನಗೆ ಬಿಡಿಸಿ ಹೇಳಿದ್ದಳು.

"ತಕ್ಕಡೀಲಿ ತೂಗಿದ ಹಾಗೆ ಅಂದ್ಕೋ. ಮೊದಲು ದೊಡ್ಡ ಕಲ್ಲು ಇಡ್ತೀವಿ, ಭಾರ ಆದ್ರೆ ತೆಗೀತೀವಿ. ಆಮೇಲೆ ಅದರರ್ಧ, ಅದರರ್ಧ. ಆದ್ರೆ ಇಷ್ಟು ಸಣ್ಣ ತಕ್ಕಡೀಲಿ ಮುಳ್ಳು ನೆಟ್ಟಗಿರಲ್ಲ. ಇಡಬೇಕಾದ ಕಲ್ಲನ್ನೇ ತೆಗೆಸಿಬಿಡುತ್ತೆ. ಉಳಿದದ್ದನ್ನೆಲ್ಲ ಸುರಿದ್ರೂ ಆ ಕೊರತೆ ತುಂಬಲ್ಲ."

"ಮುಳ್ಳು ಸರಿಮಾಡು ಮತ್ತೆ."

"ಪೂರ್ತಿ ಆಗಲ್ಲ. ಅದಕ್ಕೇ ಮುಂದಿನ ಕಲ್ಲುಗಳನ್ನ ಅರ್ಧಕ್ಕಿಂತ ಚೂರು ದೊಡ್ಡದು ಮಾಡಿ, ಕೊನೇಲಿ ಒಂದು ಸಲ ಜಾಸ್ತಿ ತೂಗ್ತೀನಿ. ಮೊದಲು ತಪ್ಪಿದ್ದು ಆಮೇಲೆ ಸರಿಹೋಗುತ್ತೆ."

ತಪ್ಪಿಗೆ ಮೊದಲೇ ಚಾಪೆ ಹಾಸುವ ಕೆಲಸ ಎಂದು ನಕ್ಕೆ. ಒಂದು ಸಲ ಹೆಚ್ಚಿಗೆ ತೂಗಿದರೆ ಬ್ಯಾಟರಿ ದಂಡ, ಅದನ್ನು ತೆಗೆಯಿರಿ ಎಂದು ಅವಳ ಮ್ಯಾನೇಜರ್ ಕೂಡ ಗೊಣಗಿದ್ದನಂತೆ. ಅವಳು ತೆಗೆಯಲಿಲ್ಲ.

ಅಮ್ಮ ಅಣ್ಣ-ಅತ್ತಿಗೆಯ ಜೊತೆಗೇ ಇದ್ದಳು. ಕಿವಿ ಮಂದವಾಗುತ್ತ ಬಂದಿತ್ತು. ಅಂಗಡಿಯಿಂದ ತಂದ ಯಂತ್ರ ಪಾತ್ರೆಯ ಸದ್ದನ್ನು ಕಿರುಚಿಸುತ್ತಿತ್ತು, ಮೆಲುಮಾತನ್ನು ನುಂಗುತ್ತಿತ್ತು. ಅದನ್ನು ಡಬ್ಬಿಗೆ ಹಾಕಿ, ಯಾರೇನು ಕೇಳಿದರೂ ನಗುತ್ತ "ಹೂಂ" ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಳು. ಚೀಟಿ ಬರೆದು ತೋರಿಸಿದರೂ ಅಷ್ಟೇ, ಕನ್ನಡಕ ಹುಡುಕುವ ಬೇಸರಕ್ಕೆ ಹೂಂ.

ಕಳೆದ ಸಲ ಬಂದಾಗ ಕೇಳಿದೆ. "ಅಮ್ಮ, ನಮ್ಮನೇಗೆ ಬಂದು ಇರ್ತೀಯಾ?"

"ಹೂಂ," ಎಂದಳು.

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಮನೆ ರೈಲಿನಲ್ಲಿ ಒಂದು ಹಗಲಿನ ದಾರಿ. ಹೋಗಿ ಕೋಣೆಗೆ ಬಣ್ಣ ಹೊಡೆಸಿದೆ, ಮಂಚ ಹಾಕಿಸಿದೆ, ಅವಳನ್ನು ಕರೆದೊಯ್ಯಲು ತಿರುಗಿ ಬಂದೆ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಳು ನೀನು," ಎಂದು ಅಣ್ಣ ರೇಗಿಸಿದ. ಅತ್ತಿಗೆ ಮಾತ್ರ ಈ ಸಲ ಇರ್ಲಿ ಬಿಡು ಎನ್ನಲಿಲ್ಲ.

"ಇನ್ನೊಂದು ಸಲ ಕೇಳು. ನನ್ನ ಚಿಪ್ ಬರೋತನಕ ತಾಳು."

ನನಗೆ ಮೈಯೆಲ್ಲ ಉರಿಯಿತು. "ಅಮ್ಮನ್ನ ಕಳಿಸೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳು."

"ಇಷ್ಟ ಇಲ್ಲ. ಆದ್ರೆ ಅದು ಬೇರೆ ಮಾತು."

ಆ ವಾರ ಅವಳ ಆಫೀಸಿಗೆ ಚಿಪ್‌ಗಳು ಬಂದವು. ಮುಳ್ಳು ಎಣಿಸಿದ್ದಕ್ಕಿಂತ ಹೆಚ್ಚು ವಾಲಿತ್ತಂತೆ. ಎಲ್ಲವನ್ನೂ ಎಸೆಯಿರಿ ಎಂದನಂತೆ ಮ್ಯಾನೇಜರ್. "ಮೊದಲು ಕೊನೇ ಅಂಕಿ ನೋಡಿ, ಆಮೇಲೆ ಎಸೀರಿ," ಎಂದಳಂತೆ ಇವಳು. ನೋಡಿದರೆ, ಒಂದು ಸಲ ಹೆಚ್ಚಿಗೆ ತೂಗಿದ್ದರಿಂದ ಅಂಕಿ ಸರಿಯಾಗಿಯೇ ಇತ್ತು. ನಾವು ಹೊರಡುವ ಹಿಂದಿನ ಸಂಜೆ, ಕೇಳಿ ಪಡೆದು, ಆ ಚಿಪ್ ಹಾಕಿದ ಪರೀಕ್ಷೆಯ ಕಿವಿಯಂತ್ರವೊಂದನ್ನು ಮನೆಗೆ ತಂದಳು.

ನಾನು ನನ್ನ ಪೆಟ್ಟಿಗೆಯಲ್ಲಿ ಅಮ್ಮನ ಬಟ್ಟೆಗೆ ಜಾಗ ಮಾಡುತ್ತಿದ್ದೆ. ಅತ್ತಿಗೆ ಆ ಯಂತ್ರವನ್ನು ಅಮ್ಮನ ಕಿವಿಗೆ ಸಿಕ್ಕಿಸಿ, ನನ್ನ ಕಡೆ ತಿರುಗಿದಳು. "ಕೂಗಬೇಡ. ಮೆಲ್ಲಗೆ ಕೇಳು."

"ಅಮ್ಮ, ನಾಳೆ ನನ್ನ ಜೊತೆ ಬರ್ತೀಯಲ್ಲ?"

ಅಮ್ಮ ನಗಲಿಲ್ಲ. "ಎಲ್ಲಿಗೆ?" ಎಂದಳು.

ನನ್ನ ಕೈ ಬಟ್ಟೆಯ ಮೇಲೇ ನಿಂತಿತು. "ನಮ್ಮನೇಗೆ. ಇರೋಕೆ. ನೀನೇ ಹೂಂ ಅಂದಿದ್ದೆ."

"ಕೇಳಿಸಿರ್ಲಿಲ್ಲ ಮಗಳೇ. ನಿನ್ನ ಮುಖದ ತುಂಬ ಆಸೆ ಇತ್ತು, ಹೂಂ ಅಂದೆ." ಅವಳು ಅತ್ತಿಗೆಯ ಸೆರಗಿನ ಅಂಚು ಹಿಡಿದುಕೊಂಡಳು. "ನಾನಿಲ್ಲೇ ಇರ್ತೀನಿ. ಬೇಜಾರ್ ಮಾಡ್ಕೋಬೇಡ."

ಬೇಜಾರಾಯಿತು. ಅತ್ತುಬಿಟ್ಟೆ. ಅತ್ತಿಗೆ ನನ್ನ ಪಕ್ಕ ಕೂತು, ಅಮ್ಮನ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ನಾನು ಗೋಡೆಯ ಕಡೆ ಮುಖ ಮಾಡಿಕೊಂಡೇ, ನನಗೇ ಕೇಳಿಸದಷ್ಟು ಮೆಲ್ಲಗೆ ಕೇಳಿದೆ.

"ಸ್ಟೇಷನ್ನಿಗಾದ್ರೂ ಬರ್ತೀಯಾ?"

"ಹೂಂ," ಎಂದಳು ಅಮ್ಮ. "ಎಷ್ಟು ಹೊತ್ತಿಗೆ ಹೊರಡಬೇಕು?"